ಲಕ್ಕಿ ಕಡ್ಡಿಗೆ ಕಟ್ಟಿದ ಕೆಂಪು ಬಟ್ಟೆ

ಕಳೆದ ವಾರ ಹಲಸೂರಿನಲ್ಲಿ ಕೆರೆಗೆ ಸೇರುವ ಚರಂಡಿಯೊಂದರ ಹೂಳೆತ್ತಿ ರಸ್ತೆಯ ಪಕ್ಕದಲ್ಲೇ ರಾಶಿ ಹಾಕಿದ್ದರು. ಓಡಾಡುವವರೆಲ್ಲ ಮೂಗು ಮುಚ್ಚಿಕೊಂಡು, ಹೂಳೆತ್ತಿದವರಿಗೆ ಶಾಪ ಹಾಕುತ್ತ ದಾಟುತ್ತಿದ್ದರು. ನಾನು ನಿಂತುಬಿಟ್ಟೆ. ಕೊಳೆತ ಜೊಂಡು, ಸೋಪಿನ ನೊರೆ, ಹಸಿ ಮಣ್ಣು ಎಲ್ಲ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೊಂಟದ ಮಟ್ಟ ಕೆಸರಿನಲ್ಲಿ ಹೂತು ನಿಂತ ಕಾರ್ತಿಕ್ ಕಣ್ಣಮುಂದೆ ಬಂದ. ನಗು ಬಂತು. ನಗುವಿನ ಹಿಂದೆ ಬರಬೇಕಾದದ್ದೂ ಬಂತು.

ಮೊದಲೇ ಹೇಳಿಬಿಡುತ್ತೇನೆ, ನನ್ನದು ಸೇಡಿನ ಸ್ವಭಾವ. ನಾಲ್ಕನೇ ಕ್ಲಾಸಿನಲ್ಲಿ ನನ್ನ ಕಂಪಾಸ್ ಬಾಕ್ಸನ್ನು ತುಳಿದು ಚಪ್ಪಟೆ ಮಾಡಿದವಳನ್ನು ಒಂಬತ್ತನೇ ಕ್ಲಾಸಿನ ಕಬಡ್ಡಿಯಲ್ಲಿ ಹಿಡಿದು ಕೆಡವಿದೆ. ಅವಳಿಗೆ ಕಾರಣವೇ ನೆನಪಿರಲಿಲ್ಲ, ನನಗಿತ್ತು. "ಮನೇಲಿ ಬುದ್ಧನ ಪಟ ಇಟ್ಕೊಂಡು ಇಷ್ಟೊಂದು ಸಿಟ್ಟೇನೇ ಜಯಾ? ಸಿಟ್ಟಲ್ಲಿ ಕೊಯ್ಕೊಂಡ ಮೂಗು ಆಮೇಲೆ ಅಂಟಲ್ಲ" ಎಂದು ಅಮ್ಮ ಬೈಯುತ್ತಿದ್ದಳು. ಈಗ ನಾನು ಹಲಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಮಿಸ್. ಸೀಟಿ ಊದುವುದು ಕೆಲಸ, ಸೈಕಲ್ ನನ್ನ ಹುಚ್ಚು. ಈ ಕಥೆ ಆ ಹುಚ್ಚಿನದು, ಒಂದೇ ಒಂದು ಮಳೆಗಾಲದ್ದು.

ಆ ವರ್ಷ ಜೂನ್ ತಿಂಗಳಲ್ಲಿ ನಾನೊಂದು ಹಳೆಯ ಗ್ರಾವೆಲ್ ಬೈಕ್ ಕೊಂಡೆ. ಬೈಕ್ ಎಂದರೆ ಮೋಟಾರಿಲ್ಲ, ಸೈಕಲ್ಲೇ. ರೇಸ್ ಸೈಕಲ್ಲಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಆದರೆ ಅಗಲವಾದ ಒರಟು ಟೈರು. ಟಾರು ಮುಗಿದು ಗರಸು ಮಣ್ಣು ಶುರುವಾದಲ್ಲಿ ಅದಕ್ಕೆ ಜೀವ ಬರುತ್ತದೆ. ನಮ್ಮ ಮಾವನ ಊರಿನವರು ಅದನ್ನು ನೋಡಿದ ದಿನವೇ 'ಟಗರು ಕೊಂಬಿನ ಸೈಕಲ್' ಎಂದು ಹೆಸರಿಟ್ಟರು. ಅದನ್ನು ನನಗೆ ಕೊಡಿಸಿದವನು ಕಾರ್ತಿಕ್. ಇಂದಿರಾನಗರದ ಸೈಕಲ್ ಗುಂಪೊಂದರ ಮುಖಂಡ, ಮಾರತ್ತಹಳ್ಳಿಯ ಕಡೆ ಕೆಲಸ, ನನಗಿಂತ ಎಂಟು ವರ್ಷ ಚಿಕ್ಕವನು, ಮಾತು ಜೇನು.

"ಎಲ್ರೂ ಬೆಟ್ಟಕ್ಕೇ ಹೋಗ್ತಾರೆ ಜಯಾ. ನಮ್ಮ ಈಸ್ಟ್ ಸೈಡಲ್ಲೇ ಒಂದು ರೂಟ್ ಬೇಕು ಗುರು. ನೀರಿನ ಪಕ್ಕದಲ್ಲಿ, ಟಾರೇ ಸಿಗಬಾರ್ದು" ಎಂದಿದ್ದ.

"ನನ್ನ ಮಾವನ ಹತ್ರ ಇದೆ" ಎಂದು ನಾನೇ ಹೇಳಿದೆ. ಯಾರೂ ನನ್ನ ಬಾಯಿಯಿಂದ ಕಿತ್ತುಕೊಂಡದ್ದಲ್ಲ, ಅದನ್ನೂ ಇಲ್ಲಿ ಬರೆದಿಡಬೇಕು.

ನನ್ನ ಸೋದರಮಾವ ಮುನಿವೆಂಕಟಪ್ಪ ನೀರುಗಂಟಿ. ಕೆರೆಯ ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿಗದಿ ಮಾಡುವವನು, ಏರಿ ಎಲ್ಲಿ ಜಿನುಗುತ್ತಿದೆ ಎಂದು ನೋಡುವವನು. ಅವನ ತಂದೆಯೂ ಅದೇ, ತಾತನೂ ಅದೇ. ಊರು ಕೆ.ಆರ್. ಪುರ ದಾಟಿ ಹಳೇ ಮದ್ರಾಸ್ ರಸ್ತೆಯಿಂದ ಒಳಗೆ, ದಕ್ಷಿಣ ಪಿನಾಕಿನಿಯ ಮಗ್ಗುಲಲ್ಲಿ. ಗದ್ದೆಗಳು ಸೈಟುಗಳಾಗಿ, ತೂಬು ಎತ್ತುವ ಕೆಲಸವೇ ಇಲ್ಲವಾಗಿದ್ದರೂ ಎಪ್ಪತ್ತು ದಾಟಿದ ಮಾವ ಬೆಳಗಾದರೆ ಏರಿಯ ಮೇಲಿರುತ್ತಿದ್ದ. ಕೇಳಿದರೆ, "ಕೆಲ್ಸ ಹೋದ್ರೂ ಕೆರೆ ಹೋಗಿಲ್ವಲ್ಲ ಅಮ್ಮಣ್ಣಿ" ಎನ್ನುತ್ತಿದ್ದ.

ಜೂನಿನಿಂದ ಸೆಪ್ಟೆಂಬರಿನವರೆಗೆ ನನ್ನ ಭಾನುವಾರಗಳೆಲ್ಲ ಮಾವನ ಪಾಲಾದವು. ಅವನು ಮುಂದೆ ನಡೆಯುವುದು, ನಾನು ಸೈಕಲ್ ತಳ್ಳಿಕೊಂಡು ಹಿಂದೆ. ಒಂದು ಕೆರೆಯ ಏರಿ ಮುಗಿದಲ್ಲಿ ಕಾಲುವೆಯ ದಂಡೆ, ದಂಡೆ ಮುಗಿದಲ್ಲಿ ಹಳೆಯ ಗಾಡಿ ಜಾಡು, ಜಾಡು ಹೊಳೆಗೆ ಇಳಿದಲ್ಲಿ ಮೊಣಕಾಲು ನೀರಿನ ಕಡವು. ಹೊಳೆಯ ನೀರಿನ ಮೇಲೆ ಬೆಂಗಳೂರಿನ ನೊರೆ ತೇಲುತ್ತಿತ್ತು, ಆದರೂ ಜೊಂಡಿನೊಳಗೆ ಕೊಕ್ಕರೆಗಳಿದ್ದವು. ನಾನು ಫೋನಿನಲ್ಲಿ ದಾರಿಯ ಗೆರೆ ದಾಖಲಿಸಿಕೊಳ್ಳುತ್ತಿದ್ದೆ. ಮಾವ ದೂರವನ್ನು ಎಲೆಅಡಿಕೆಯಲ್ಲಿ ಅಳೆಯುತ್ತಿದ್ದ; ಮುಂದಿನ ಕೆರೆಗೆ ಎರಡು ಎಲೆಅಡಿಕೆ, ಅದರಾಚೆಯದಕ್ಕೆ ಮೂರು. ಯಾವ ತೋಟದ ನಾಯಿ ಕಚ್ಚುತ್ತದೆ, ಯಾರ ಬೇಲಿ ಮೊನ್ನೆಯಷ್ಟೇ ಮುಂದಕ್ಕೆ ಸರಿದಿದೆ, ಎಲ್ಲ ಅವನಿಗೆ ಬಾಯಿಪಾಠ. ಐದು ಕೆರೆ, ಒಂದು ಹೊಳೆ ಸೇರಿಸಿ ಒಂದು ದೊಡ್ಡ ಸುತ್ತು ತಯಾರಾಯಿತು. ಅದರಲ್ಲಿ ನನ್ನದೆಂದು ಹೇಳಿಕೊಳ್ಳುವಂಥದ್ದು ಸೈಕಲ್ ಒಂದೇ.

ಒಂದು ಭಾನುವಾರ ತೂಬಿನ ಕಟ್ಟೆಯ ಮೇಲೆ ಕೂತಿದ್ದಾಗ ಮಾವ ಅಲ್ಲಿ ನೆಟ್ಟ ಕಲ್ಲು ತೋರಿಸಿದ. ಕೆರೆ ರಿಪೇರಿ ಮಾಡಿಸಿದವರ ಹೆಸರುಗಳು ಸಾಲಾಗಿ ಇದ್ದವು.

"ಇದ್ರಲ್ಲಿ ಒಬ್ರೂ ಈ ತೂಬಿಗೆ ಇಳಿದೋರಲ್ಲ" ಎಂದು ನಕ್ಕ. "ನನ್ನ ಹೆಸ್ರು ರೇಷನ್ ಕಾರ್ಡಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ ನೋಡು."

ಅವನು ತಮಾಷೆಗೆ ಹೇಳಿದ್ದೋ ಏನೋ. ನನಗೆ ಎದೆಯಲ್ಲಿ ಮುಳ್ಳು ಆಡಿದ ಹಾಗಾಯಿತು. "ಈ ದಾರೀಗೆ ನಿನ್ನ ಹೆಸರೇ ಹಾಕಿಸ್ತೀನಿ ಮಾವ. ಮ್ಯಾಪಲ್ಲಿ ಬರುತ್ತೆ, ಎಲ್ರೂ ನೋಡ್ತಾರೆ" ಎಂದು ಮಾತು ಕೊಟ್ಟೆ. ಅವನು ಬೇಡ ಎನ್ನಲಿಲ್ಲ. ಅಂಥ ವಿಷಯಕ್ಕೆಲ್ಲ ಬೇಡ ಬೇಡ ಎನ್ನುವ ಮನುಷ್ಯ, ಅವತ್ತು ಬಾಯಲ್ಲಿದ್ದ ಎಲೆಅಡಿಕೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಸರಿಸಿ, "ಮುನಿವೆಂಕಟಪ್ಪ ಅಂತ ಪೂರ್ತಿ ಹಾಕ್ಸು, ಊರ ತುಂಬ ಬರೀ ವೆಂಕಟಪ್ಪಗಳವರೆ" ಎಂದ.

ಸೆಪ್ಟೆಂಬರಿನಲ್ಲಿ ಕಾರ್ತಿಕ್‌ನನ್ನು ಕರೆದುಕೊಂಡು ಹೋದೆ. ಮಾವ ಮಜ್ಜಿಗೆ ಕೊಟ್ಟ. ಕಾರ್ತಿಕ್ ತನ್ನ ಬಾಟಲಿ ಎತ್ತಿ ತೋರಿಸಿ, "ಪರವಾಗಿಲ್ಲ ತಾತ, ನನ್ನದೇ ಇದೆ" ಎಂದ. ಆ ಲೋಟವನ್ನು ನಾನೇ ಕುಡಿದೆ, ಮನಸ್ಸಿನಲ್ಲಿ ಒಂದು ಗೀಟು ಎಳೆದುಕೊಂಡೆ. ಆದರೆ ಹೆಸರಿನ ಮಾತು ಬಂದಾಗ ಅವನು ಏರಿಯ ಮೇಲೆ ಎಲ್ಲರಿಗೂ ಕೇಳುವ ಹಾಗೆ, "ನೀರುಗಂಟಿ ಮುನಿವೆಂಕಟಪ್ಪ ರೂಟ್! ಸೂಪರ್ ಜಯಾ, ಪ್ರಾಮಿಸ್" ಎಂದ. ಮಾವನ ಕೈ ಹಿಡಿದು ಕುಲುಕಿದ. ದಾರಿಯ ಗೆರೆಯನ್ನು ಅವತ್ತೇ ಅವನ ಫೋನಿಗೆ ಕಳಿಸಿದೆ. ತಿರುವುಗಳಲ್ಲಿ ಕಡ್ಡಿ ನೆಟ್ಟು ಕೆಂಪು ರಿಬ್ಬನ್ ಕಟ್ಟುವುದು ಅವರ ಗುಂಪಿನ ಪದ್ಧತಿ. ಕೆಂಪು ಕಂಡರೆ ಅದೇ ದಾರಿ, ಯೋಚನೆ ಮಾಡದೆ ನುಗ್ಗು. ಹಿಂದಿನ ರೈಡುಗಳಲ್ಲಿ ರಿಬ್ಬನ್ ಕಟ್ಟುತ್ತಿದ್ದವಳು ನಾನೇ.

ಅಕ್ಟೋಬರಿನಲ್ಲಿ ಮಳೆ ಬಿಟ್ಟೂಬಿಡದೆ ಸುರಿದು ಮಾವನ ಕೆರೆ ಕೋಡಿ ಬಿತ್ತು. ತುಂಬಿ ಮಿಕ್ಕ ನೀರು ಕೋಡಿಯ ಕಲ್ಲುಗಳ ಮೇಲಿಂದ ಹಾರಿ ಹೊಳೆಯತ್ತ ಓಡುವುದನ್ನು ನೋಡಲು ಊರೇ ನೆರೆಯಿತು. ಗಂಗಮ್ಮನಿಗೆ ಪೂಜೆಯಾಯಿತು, ಬಾಗಿನ ಬಿಟ್ಟರು. ಮಾವ ಮಾತ್ರ ಪೂಜೆಯ ಕಡೆ ನೋಡದೆ ಏರಿಯ ಬುಡವನ್ನೇ ನೋಡುತ್ತ ಓಡಾಡುತ್ತಿದ್ದ.

ಅದೇ ಹೊತ್ತಿನಲ್ಲಿ ನಾನು ಸೈಕಲ್ಲಿನ ಚೈನ್ ಬದಲಿಸಲು ಶಿವಾಜಿನಗರದ ಸಲೀಂ ಭಾಯ್ ಅಂಗಡಿಗೆ ಹೋದೆ. ಗೋಡೆಯ ಮೇಲೆ ಹೊಸ ಪೋಸ್ಟರ್ ಅಂಟಿಸಿದ್ದರು. ನನ್ನ ಗೆರೆ, ಒಂದು ಎಳೆಯೂ ಆಚೀಚೆ ಆಗದ ಹಾಗೆ. ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ 'ದಿ ಲಾಸ್ಟ್ ರಿವರ್', ಕಳೆದುಹೋದ ಹೊಳೆ. ಅದರಡಿ, ಕಾರ್ತಿಕ್ ಪತ್ತೆ ಹಚ್ಚಿದ ದಾರಿ ಎಂದು, ನವೆಂಬರಿನ ಕೊನೆಯ ಭಾನುವಾರ ಗುಂಪಿನ ಮೊದಲ ರೈಡು ಎಂದು. ಕಟ್ಟಕಡೆಗೆ ಇರುವೆ ಗಾತ್ರದ ಅಕ್ಷರಗಳಲ್ಲಿ ಸ್ಥಳೀಯರಿಗೆ ವಂದನೆ.

ಸಲೀಂ ಭಾಯ್ ಕನ್ನಡಕ ಏರಿಸಿ ಪೂರ್ತಿ ಓದಿದರು. "ಕ್ಯಾ ಮ್ಯಾಡಂ, ನಿಮ್ದು ಹೆಸ್ರು ಇಲ್ಲ, ನಿಮ್ ಮಾಮೂದು ಹೆಸ್ರೂ ಇಲ್ಲ? ನೀವು ನಾಲ್ಕು ತಿಂಗ್ಳು ಮಣ್ಣು ಹೊತ್ಕೊಂಡು ಬಂದಿದ್ದು ನಾನೇ ತೊಳ್ದಿದೀನಲ್ಲ!" ಎಂದರು.

ಅಲ್ಲೇ ನಿಂತು ಕಾರ್ತಿಕ್‌ಗೆ ಫೋನ್ ಮಾಡಿದೆ.

"ಅಯ್ಯೋ, ಅದು ಬ್ರ್ಯಾಂಡಿಂಗ್ ಜಯಾ" ಎಂದ. "ಆ ಹೆಸ್ರು ತುಂಬ ಉದ್ದ ಆಯ್ತು, ಸ್ಪಾನ್ಸರ್ಸ್‌ಗೆ ಹೇಳೋಕೇ ಬರಲ್ಲ. ಕೆಳಗಡೆ ಲೋಕಲ್ಸ್‌ಗೆ ಥ್ಯಾಂಕ್ಸ್ ಹಾಕಿದೀವಲ್ಲ."

"ಲೋಕಲ್ಸ್ ಅಂದ್ರೆ ಯಾರು?"

"ಅದೇ... ನಿಮ್ಮ ತಾತ, ಅವರೆಲ್ಲ. ಅವರೇನು ಇದನ್ನ ಓದ್ತಾರಾ, ಬಿಡು."

ನಾನು ಬಿಡಲಿಲ್ಲ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಹಾಗೆ ನನ್ನ ಮಾವನ ಹೆಜ್ಜೆಗಳಲ್ಲಿ ಇವನ ಮೆರವಣಿಗೆ. ಸಿಟ್ಟು ನೆತ್ತಿಗೇರಿತು. ಊಟ ಸೇರಲಿಲ್ಲ. ಮೈದಾನದಲ್ಲಿ ತಪ್ಪು ಮಾಡದ ಮಕ್ಕಳಿಗೂ ಎರಡು ಸುತ್ತು ಓಡಿಸಿದೆ. ಇಂಟರ್‌ನೆಟ್ಟಿನಲ್ಲಿ ಬರೆದು ಮಾನ ತೆಗೆಯಲೇ? ನಾಲ್ಕು ಜನ ಅಯ್ಯೋ ಎಂದು ಮುಂದಕ್ಕೆ ಹೋಗುತ್ತಾರೆ. ಅವನ ಸೈಕಲ್ಲಿನ ಬ್ರೇಕ್ ಸಡಿಲ ಮಾಡಲೇ? ಆ ಯೋಚನೆಯೂ ಬಂತು, ಮುಚ್ಚಿಡುವುದಿಲ್ಲ. ಆದರೆ ಟಾರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಅವನು ಸಾಯುವುದು ನನಗೆ ಬೇಕಿರಲಿಲ್ಲ. ಎಲ್ಲರೆದುರು ಬೀಳಬೇಕು, ಆ ದಾರಿಯಲ್ಲೇ ಬೀಳಬೇಕು, ಪತ್ತೆ ಹಚ್ಚಿದವನಿಗೆ ದಾರಿಯೇ ಗೊತ್ತಿಲ್ಲ ಎಂದು ಜಗತ್ತಿಗೆ ಕಾಣಬೇಕು. ರೈಡಿಗೆ ಹೆಸರು ಕೊಟ್ಟೆಯಾ ಎಂದು ಅವನು ಕೇಳಿದಾಗ, "ನಾನು ಬರಲ್ಲ, ಏರಿ ಮೇಲೆ ನಿಂತು ನೋಡ್ತೀನಿ" ಎಂದು ನಗುತ್ತಲೇ ಹೇಳಿದೆ.

ನವೆಂಬರಿನ ಕೊನೆಯಲ್ಲಿ ಕೋಡಿ ನಿಂತಿತು. ರೈಡಿನ ಹಿಂದಿನ ದಿನ, ಶನಿವಾರ ಮಧ್ಯಾಹ್ನ ಊರಿಗೆ ಹೋದೆ. ಮಾವ ಏರಿಯ ಕೆಳಗೆ ಲಕ್ಕಿ ಗಿಡದ ಕಡ್ಡಿ ಸವರುತ್ತಿದ್ದ. ಇದು ಅವರ ಮನೆತನದ ಪದ್ಧತಿ, ನನಗೆ ಚಿಕ್ಕಂದಿನಿಂದ ಗೊತ್ತು. ಕೋಡಿ ನಿಂತ ಮೇಲೆ ಕೆಳಗಿನ ಜಾಡು ನಾಲ್ಕೇ ದಿನಕ್ಕೆ ಒಣಗಿದಂತೆ ಕಾಣುತ್ತದೆ, ಎಳೆ ಹುಲ್ಲೂ ಮೂಡುತ್ತದೆ. ಒಳಗೆ ಹುದುಲು. ದನ ಇಳಿದರೆ ಹಗ್ಗ ಹಾಕಿಯೇ ಎತ್ತಬೇಕು. ಅದಕ್ಕೆ ನೀರುಗಂಟಿ ಅಲ್ಲಿ ಲಕ್ಕಿ ಕಡ್ಡಿ ನೆಟ್ಟು ತುದಿಗೆ ಬಟ್ಟೆ ಕಟ್ಟುತ್ತಾನೆ. ಲಕ್ಕಿಯೇ ಯಾಕೆಂದರೆ ಮೇಕೆ ಅದನ್ನು ಮೇಯುವುದಿಲ್ಲ. ಕಡ್ಡಿ ಕಂಡರೆ ಕಾಲಿಡಬಾರದು, ಅಷ್ಟೇ. ಬಟ್ಟೆಗೆ ಇಂಥದೇ ಬಣ್ಣ ಎಂದಿಲ್ಲ, ಮನೆಯಲ್ಲಿ ಯಾವ ಚಿಂದಿ ಸಿಕ್ಕಿದರೆ ಅದು. ಆ ಸಲ ಸಿಕ್ಕಿದ್ದು ಅತ್ತೆಯ ಹಳೆಯ ಕೆಂಪು ರವಿಕೆ.

ನಾಲ್ಕು ಕಡ್ಡಿ ನೆಟ್ಟು ಮಾವ ಮೇಲೆ ಬಂದ. "ಮೇಲೆ ಹಪ್ಪಳ, ಕೆಳಗೆ ಗಂಜಿ. ಇನ್ನ ಹತ್ತು ದಿವ್ಸ ಕೆಳಗಿನ ದಾರಿ ಬ್ಯಾಡ, ಏರಿ ಮೇಲಿಂದ್ಲೇ ಹೋಗ್ಲಿ. ನಿಮ್ಮೋರಿಗೆ ಹೇಳ್ಬಿಡು ಅಮ್ಮಣ್ಣಿ."

ನಾನು ಆ ಕೆಂಪು ಬಟ್ಟೆಗಳನ್ನು ನೋಡಿದೆ. ಅವು ಗಾಳಿಗೆ ಆಡುತ್ತಿದ್ದವು.

"ಹೂಂ, ಹೇಳ್ತೀನಿ" ಎಂದೆ.

ಮರುದಿನ ಬೆಳಗ್ಗೆ ಎಂಟು ಗಂಟೆಗೆ ಏರಿಯ ಮೇಲೆ ನಿಂತಿದ್ದೆ. ಹಲಸೂರಿನಿಂದ ಹೊರಟ ಮೂವತ್ತೈದು ಜನ ಸಾಲಾಗಿ ಬಂದರು, ಬಣ್ಣಬಣ್ಣದ ಜೆರ್ಸಿಗಳು, ಎಲ್ಲರಿಗಿಂತ ಮುಂದೆ ಕಾರ್ತಿಕ್. ಕೋಡಿಯ ಹತ್ತಿರ ದಾರಿ ಎರಡಾಗುತ್ತದೆ. ಒಂದು ಏರಿಯ ಮೇಲೆ, ಇನ್ನೊಂದು ಕೆಳಗೆ ಹೊಳೆಯ ಕಡೆ; ನನ್ನ ಗೆರೆ ಹಿಡಿದದ್ದು ಕೆಳಗಿನದನ್ನು. ಅವನು ಬ್ರೇಕ್ ಹಿಡಿದ. ಕೆಳಗಿನ ದಾರಿ ನೋಡಿದ, ಫೋನ್ ನೋಡಿದ. ಅವನಿಗೂ ಅನುಮಾನ ಬಂದಿತ್ತು, ಅದು ನಿಜ. ಆಗ ಕೆಂಪು ಬಟ್ಟೆ ಕಣ್ಣಿಗೆ ಬಿತ್ತು.

"ಜಯಾ ಮಾರ್ಕ್ ಮಾಡಿದಾಳೆ! ಬನ್ರೋ, ಇದೇ ದಾರಿ!" ಎಂದು ಹಿಂದಿನವರಿಗೆ ಕೂಗಿದ. ಆಮೇಲೆ ತಲೆ ಎತ್ತಿ ನನ್ನನ್ನು ಕಂಡು ಕೈ ಬೀಸಿದ.

ನಾನೂ ಕೈ ಬೀಸಿದೆ.

ಸೀಟಿ ನನ್ನ ಕೊರಳಲ್ಲೇ ಇತ್ತು. ಒಂದು ಸಲ ಊದಿದ್ದರೆ ಮೂವತ್ತೈದು ಜನವೂ ನಿಲ್ಲುತ್ತಿದ್ದರು. ಊದಲಿಲ್ಲ. ಮೊದಲ ಕಡ್ಡಿ ದಾಟಿ ಹತ್ತು ಮಾರು ಹೋಗುವಷ್ಟರಲ್ಲಿ ಅವನ ಮುಂದಿನ ಚಕ್ರ ಹುಲ್ಲಿನ ಸಮೇತ ಒಳಗೆ ಹೋಯಿತು. ಹ್ಯಾಂಡಲ್ ಮೇಲಿಂದ ಹಾರಿ ಬಿದ್ದ, ಏಳಲು ಹೋಗಿ ತೊಡೆಮಟ್ಟ ಹೂತ, ಒದ್ದಾಡಿ ಸೊಂಟದ ಮಟ್ಟ ಹೂತ. ಹಿಂದೆ ಬಂದವರು ಒಬ್ಬರ ಮೇಲೊಬ್ಬರು. ಹನ್ನೊಂದು ಜನ ಕರಿ ಕೆಸರಿನಲ್ಲಿ, ಮಿಕ್ಕವರು ದಂಡೆಯ ಮೇಲೆ ಫೋನ್ ಹಿಡಿದುಕೊಂಡು. ವಾಸನೆ ಏರಿಯ ಮೇಲಿನವರೆಗೂ ಬಂತು. ಆ ಗಳಿಗೆಯಲ್ಲಿ ನನಗೆ ಆದ ಸಂತೋಷವನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಹೊಟ್ಟೆ ತಣ್ಣಗಾಯಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಅಷ್ಟರಲ್ಲಿ ಒಬ್ಬ ಹೆಂಗಸು ಕಿರುಚಿಕೊಂಡಳು. ನನ್ನ ವಯಸ್ಸಿನವಳು, ಪರಿಚಯವಿಲ್ಲ, ಎದೆಯವರೆಗೆ ಇಳಿದಿದ್ದಳು. ನನ್ನ ನಗು ನಿಂತುಹೋಯಿತು. ಮಾವ ಏಣಿ ಹೊತ್ತುಕೊಂಡು ಓಡಿ ಬಂದ. ಆ ವಯಸ್ಸಿನಲ್ಲಿ ಅವನು ಓಡಿದ್ದನ್ನು ಅವತ್ತೇ ನೋಡಿದ್ದು. ಏಣಿ ಮಲಗಿಸಿ, ಅದರ ಮೇಲೆ ತೆಂಗಿನ ಗರಿ ಹಾಸಿ, ಹೊಟ್ಟೆಯ ಮೇಲೆ ತೆವಳಿ ಹೋಗಿ ಅವಳ ಕಂಕುಳಿಗೆ ಹಗ್ಗ ಹಾಕಿದ. "ಒದೀಬ್ಯಾಡ ತಾಯಿ, ಮಲಕ್ಕೋ, ನೀರಲ್ಲಿ ತೇಲೋ ಹಂಗೆ ಮಲಕ್ಕೋ" ಎನ್ನುತ್ತಿದ್ದ. ನಾನೂ ಓಡಿ ಇಳಿದು ಹಗ್ಗ ಎಳೆದೆ. ಅವಳಾದ ಮೇಲೆ ಒಬ್ಬೊಬ್ಬರನ್ನೇ ತೆಗೆದೆವು. ಯಾರ ಮೂಳೆಯೂ ಮುರಿಯಲಿಲ್ಲ. ಕೊನೆಗೆ ಬಂದವನು ಕಾರ್ತಿಕ್.

ದಂಡೆಯ ಮೇಲೆ ನಿಂತವನೇ ಕಡ್ಡಿ ಕಿತ್ತು ಎತ್ತಿ ಹಿಡಿದ. ಮುಖ ತುಂಬ ಕೆಸರು, ಕಣ್ಣು ಮಾತ್ರ ಬೆಳ್ಳಗೆ. "ಯಾರ್ರೀ ಇದನ್ನ ಇಲ್ಲಿ ನೆಟ್ಟಿದ್ದು?"

"ನಾನೇ" ಎಂದ ಮಾವ.

"ಕೆಂಪು ಬಟ್ಟೆ ಕಟ್ಟಿದ್ರೆ ಬನ್ನಿ ಅಂತ ಅರ್ಥ ಅಲ್ವಾ? ಯಾರಾದ್ರೂ ಸತ್ತಿದ್ರೆ ಯಾರು ಜವಾಬ್ದಾರಿ? ನಿಮಗೆ ತಲೆ ಇದೆಯಾ ತಾತ? ನಾವು ಬರ್ತೀವಿ ಅಂತ ಯಾರೂ ಹೇಳಿರ್ಲಿಲ್ವಾ?"

ಮಾವ ಒಂದು ಸಲ ನನ್ನ ಕಡೆ ನೋಡಿದ. ಒಂದೇ ಸಲ. ಆಮೇಲೆ ಕೆಸರಿನ ಕೈಗಳನ್ನು ಜೋಡಿಸಿದ.

"ತಪ್ಪಾಯ್ತು ಸ್ವಾಮಿ. ವಯಸ್ಸಾಯ್ತು ನನಗೆ. ಯಾವ ಬಣ್ಣ ಕಟ್ಟಬೇಕು ಅಂತ ತಿಳೀಲಿಲ್ಲ."

ಆರೇಳು ಫೋನುಗಳು ಅವನ ಮುಖದ ಮೇಲಿದ್ದವು. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ನಾನು ಹೇಳಬಹುದಿತ್ತು: ಮಾವ ಹೇಳು ಎಂದಿದ್ದ, ನಾನೇ ಹೇಳಲಿಲ್ಲ. ತಾತ ಮುತ್ತಾತನ ಕಾಲದಿಂದ ಇಲ್ಲಿ ಬಟ್ಟೆ ಕಟ್ಟಿದರೆ ಬರಬೇಡಿ ಎಂದೇ ಅರ್ಥ, ನಿಮ್ಮ ರಿಬ್ಬನ್ ಬಂದು ಎಷ್ಟು ದಿನವಾಯಿತು? ಎಲ್ಲರೆದುರು ಕಾರ್ತಿಕ್ ತಲೆತಗ್ಗಿಸಬೇಕು ಎಂದು ಎರಡು ತಿಂಗಳು ಹೊಂಚು ಹಾಕಿದ್ದವಳು ನಾನು. ಅವನೆದುರು ನನ್ನ ಮಾವ ತಲೆತಗ್ಗಿಸಿ ನಿಂತಾಗ ನೆಲ ನೋಡಿದೆ.

ಆ ವಿಡಿಯೋ ಸೈಕಲ್ಲಿನವರ ಗುಂಪುಗಳಲ್ಲೆಲ್ಲ ತಿರುಗಿತು. ಪಾಪದ ತಾತ, ಓದುಬರಹ ಇಲ್ಲ ಎಂದು ಕೆಲವರು ಮರುಕ ತೋರಿಸಿದರು. ಸುಮ್ಮನೆ ಕಳ್ಳಾಟ ಆಡಿದ್ದಾನೆ ಎಂದು ಇನ್ನು ಕೆಲವರು. ಕಾರ್ತಿಕ್ ಎಲ್ಲರನ್ನೂ ಕೆಸರಿನಿಂದ ಪಾರು ಮಾಡಿದ ಮುಖಂಡನಾದ. ಅವನ ಮೇಲೆ ನನಗೆ ಇದ್ದ ಸಿಟ್ಟು ಇವತ್ತಿಗೂ ಒಂದು ಗುಲಗಂಜಿಯಷ್ಟು ಕಡಿಮೆಯಾಗಿಲ್ಲ; ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಮ್ಮೆ ಎದುರಾದಾಗ ಅವನು ನಕ್ಕ, ನಾನು ಮುಖ ತಿರುಗಿಸಿದೆ. ಡಿಸೆಂಬರಿನಲ್ಲಿ ಅವನ ರೂಟ್ ಹೊಸದಾಗಿ ತಿದ್ದುಪಡಿಯಾಗಿ ಬಂತು. ದಾರಿ ಈಗ ಏರಿಯ ಮೇಲಿಂದ. ಕೋಡಿಯ ಕೆಳಗೆ, ಹುದುಲಿನ ಜಾಗದಲ್ಲಿ, ಒಂದು ತಲೆಬುರುಡೆಯ ಗುರುತು. ಪಕ್ಕದಲ್ಲಿ 'ಮುನಿವೆಂಕಟಪ್ಪಾಸ್ ಟ್ರ್ಯಾಪ್' ಎಂದಿತ್ತು. ಪೂರ್ತಿ ಹೆಸರು. ಉದ್ದ ಆಯಿತು ಎಂದು ಈ ಸಲ ಯಾರಿಗೂ ಅನಿಸಿರಲಿಲ್ಲ.

ಜನವರಿಯಲ್ಲಿ, ಅವರೆಕಾಯಿಯ ಕಾಲದಲ್ಲಿ, ಧೈರ್ಯ ಮಾಡಿ ಊರಿಗೆ ಹೋದೆ. ಮಾವ ಬಿಸಿಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ. ನಾನೂ ಮೊರದ ಆಚೆ ಬದಿ ಕೂತೆ. ಮೂರು ಹಿಡಿ ಸುಲಿದ ಮೇಲೆ ಹೇಳಿದೆ.

"ಮಾವ, ನೀನು ಅವತ್ತು ಹೇಳು ಅಂದಿದ್ದೆ. ನಾನು ಅವರಿಗೆ ಹೇಳ್ಲಿಲ್ಲ."

"ಗೊತ್ತು ಕಣಮ್ಮ." ಅವನು ಕಾಯಿಯಿಂದ ಕಣ್ಣೆತ್ತಲಿಲ್ಲ. "ನೀನು ಕೈ ಬೀಸಿದ್ದೂ ನೋಡ್ದೆ. ಅವ್ರು ನಿನ್ನ ಕೇಳೋಕ್ ಮುಂಚೆ ನಾನು ಒಪ್ಕೊಂಡ್ಬಿಟ್ರೆ ಆಯ್ತಲ್ಲ ಅಂತ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಜಗಳ ಗೊತ್ತು, ಇದು ಗೊತ್ತಿರಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ಅವನು ಅಳು ಮುಗಿಯುವವರೆಗೆ ಸುಲಿಯುತ್ತಲೇ ಇದ್ದ. ಆಮೇಲೆ ಸ್ವಲ್ಪ ಸಂಕೋಚದಿಂದ, ಯಾವುದೋ ಚಿಕ್ಕ ಸಹಾಯ ಕೇಳುವವನ ಹಾಗೆ ಕೇಳಿದ.

"ಅದ್ಸರಿ, ಆ ಮ್ಯಾಪು... ಹಾಕಿದ್ರಾ ನನ್ನ ಹೆಸ್ರು?"

ಮಾವ ತೀರಿಹೋಗಿ ಈಗ ಎರಡು ಮಳೆಗಾಲ ಕಳೆದಿವೆ. ಅವತ್ತು ಸುಳ್ಳು ಹೇಳಬೇಕಾಗಿ ಬರಲಿಲ್ಲ ನನಗೆ.

"ಹಾಕಿದಾರೆ ಮಾವ."

"ಪೂರ್ತಿಯಾಗಾ?"

"ಪೂರ್ತಿ."

"ಎಲ್ಲಿ ಹಾಕಿದಾರೆ?"

"ಕೋಡಿ ಹತ್ರ."

"ಒಳ್ಳೇ ಜಾಗ" ಎಂದು ಮಾವ ಇನ್ನೊಂದು ಹಿಡಿ ಅವರೆಕಾಯಿ ನನ್ನ ಕಡೆ ಸರಿಸಿದ.